ಗ್ರಾಫಿಕ್ಸ್ ಕಾರ್ಡ್ ಫ್ಯಾನಿನ ಗದ್ದಲ ಇಳಿಸಿದ ನಾಬ್: ನಾಕ್ಟುವಾ ಎನ್‌ಎ-ಎಫ್‌ಸಿ1

ನಾನು ಗೇಮ್ ಆಡುವವಳಲ್ಲ. ಕಣ್ಣು ಕಾಣದ ಪಿಯುಸಿ, ಡಿಗ್ರಿ ಮಕ್ಕಳಿಗೆ ಪಾಠ ಓದಿ ರೆಕಾರ್ಡ್ ಮಾಡಿ ಕೊಡುತ್ತೇನೆ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಗದ್ಯ, ಹೀಗೆ. ಮೈಸೂರಿನಲ್ಲಿ ನಮ್ಮ ಮನೆಯಲ್ಲಿ ಇರುವುದು ಒಂದೇ ಒಳ್ಳೆಯ ಕಂಪ್ಯೂಟರ್. ಅದರಲ್ಲೇ ನನ್ನ ತಮ್ಮ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ. ಅವನಿಗಾಗಿಯೇ ಅದರೊಳಗೆ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಕೂತಿದೆ. 6 ಜಿಬಿಯದ್ದು. ಎನ್ವಿಡಿಯಾ ಈ ಚಿಪ್ ಬಿಟ್ಟಿದ್ದು 2016ರಲ್ಲಿ. ಹಳೆಯದಾದರೂ ಅವನ ಕೆಲಸಕ್ಕೆ ಸಾಕು. ನನ್ನ ತಕರಾರು ಆ ಚಿಪ್ ಮೇಲಲ್ಲ, ಅದರ ಮೇಲೆ ಕೂತ ಎರಡು ಫ್ಯಾನ್‌ಗಳ ಮೇಲೆ.

ಮೈಕ್ ಮುಂದೆ ಕೂತವರಿಗೆ ಮಾತ್ರ ಈ ಸದ್ದಿನ ಬೆಲೆ ಗೊತ್ತಾಗುತ್ತದೆ. ಬರಿ ಕಿವಿಗೆ ಅದು ಸಣ್ಣ ಗುಂಯ್ ಎನ್ನುವ ಸದ್ದು, ಅಷ್ಟೆ. ಆದರೆ ಕಂಡೆನ್ಸರ್ ಮೈಕ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ನನ್ನ ಓದು ಕೇಳುವ ಮಕ್ಕಳು ಹೆಡ್‌ಫೋನ್ ಹಾಕಿಕೊಂಡು ಗಂಟೆಗಟ್ಟಲೆ ಕೇಳುತ್ತಾರೆ. ಅದೂ ಒಂದೂವರೆ ಪಟ್ಟು ವೇಗದಲ್ಲಿ. ಹಿಂದೆ ಸದಾ ಒಂದು ಗುಂಯ್ ಇದ್ದರೆ ಕಿವಿ ದಣಿಯುತ್ತದೆ, ತಲೆ ನೋಯುತ್ತದೆ. ಪರೀಕ್ಷೆ ಹತ್ತಿರ ಇರುವ ಮಗುವಿಗೆ ಅಂಥದ್ದನ್ನು ಕೇಳಿಸಲು ನನಗೆ ಮನಸ್ಸಿಲ್ಲ.

ಸದ್ದನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದಲ್ವಾ ಎಂದು ಕೇಳುವವರಿದ್ದಾರೆ. ತೆಗೆಯಬಹುದು, ಆದರೆ ಸದ್ದು ಒಂದೇ ಸಮ ಇರಬೇಕು. ಆಡಾಸಿಟಿ ಎಂಬ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಮಾತಿಲ್ಲದ ಒಂದು ತುಣುಕು ತೋರಿಸಿದರೆ ಅದು ಆ ಸದ್ದಿನ ಗುರುತು ಹಿಡಿದುಕೊಂಡು ಉಳಿದ ಕಡೆಯೆಲ್ಲ ಅದನ್ನು ಕಡಿಮೆ ಮಾಡುತ್ತದೆ. ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಒಂದೇ ಸಮ ಎಲ್ಲಿ ತಿರುಗುತ್ತದೆ? ಬಿಸಿ ಸ್ವಲ್ಪ ಏರಿತೋ, ವೇಗ ಏರುತ್ತದೆ. ತಣ್ಣಗಾಯಿತೋ, ಇಳಿಯುತ್ತದೆ. ಮತ್ತೆ ಏರುತ್ತದೆ. ಹಿಡಿದ ಗುರುತು ಮುಂದಿನ ಪ್ಯಾರಾಕ್ಕೆ ಹೊಂದುವುದಿಲ್ಲ. ಹಟ ಹಿಡಿದು ಜಾಸ್ತಿ ತೆಗೆದರೆ ಮಾತೇ ಸವೆಯುತ್ತದೆ. ಮೊದಲು ಹೋಗುವುದು ಉಸಿರಿನ ಅಕ್ಷರಗಳು. ಹಕಾರ ತೆಳುವಾಗುತ್ತದೆ. ಖ, ಘ, ಥ, ಧಗಳ ಉಸಿರು ಹೋಗಿ ಅಲ್ಪಪ್ರಾಣವೋ ಮಹಾಪ್ರಾಣವೋ ತಿಳಿಯದಂತಾಗುತ್ತದೆ. ಸಕಾರ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಕನ್ನಡ ಪಾಠ ಓದುವವಳಿಗೆ ಇದು ಸಣ್ಣ ವಿಷಯವಲ್ಲ. ಕಾಗುಣಿತವನ್ನು ಕಿವಿಯಿಂದಲೇ ಕಲಿಯುವ ಮಕ್ಕಳು ಅವರು. ಹಾಗಾಗಿ ಸದ್ದು ಮೈಕ್ ತಲುಪುವ ಮುಂಚೆಯೇ ನಿಲ್ಲಬೇಕಿತ್ತು.

ಮೊದಲು ಖರ್ಚಿಲ್ಲದ ದಾರಿಗಳು. ಫ್ಯಾನಿನ ವೇಗ ತಗ್ಗಿಸುವ ಯಾವ ಕಂಟ್ರೋಲರ್ ಕೊಳ್ಳುವ ಮುಂಚೆಯೂ ಇವನ್ನು ಮಾಡಲೇಬೇಕು. ಪಕ್ಕದ ತಗಡು ತೆಗೆದು ಬ್ಲೋವರ್ ಹಿಡಿದು ಧೂಳು ಊದಿಸಿದೆವು. ಹೀಗೆ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ. ಗಾಳಿಯ ರಭಸಕ್ಕೆ ಅದು ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ದೇವರ ಕೋಣೆ ಪಕ್ಕದಲ್ಲೇ ಕಂಪ್ಯೂಟರ್ ಇದ್ದರೆ ಊದುಬತ್ತಿ ಹೊಗೆ ಧೂಳಿನ ಜೊತೆ ಸೇರಿ ಹೀಟ್‌ಸಿಂಕ್, ಅಂದರೆ ಚಿಪ್ಪಿನ ಬಿಸಿ ಹೀರುವ ಲೋಹದ ಭಾಗದ ಸಂದುಗಳಲ್ಲಿ ಅಂಟಂಟಾಗಿ ಕೂರುತ್ತದೆ. ನಮ್ಮಲ್ಲಿ ಹಾಗೇ ಆಗಿತ್ತು. ಅದಕ್ಕೆ ಗಾಳಿ ಸಾಲದು, ಒಣ ಬ್ರಷ್ ಬೇಕು.

ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಹತೋಟಿಯಲ್ಲಿಡುವ ಎಂಎಸ್ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಹಾಕಿದೆವು. ದುಡ್ಡು ಕೊಡಬೇಕಿಲ್ಲ, ಬೇರೆ ಕಂಪನಿಗಳ ಕಾರ್ಡಿಗೂ ನಡೆಯುತ್ತದೆ. ಅದರಲ್ಲಿ ಎರಡು ಉಪಯೋಗ. ಒಂದು, ಯಾವ ಬಿಸಿಗೆ ಫ್ಯಾನ್ ಎಷ್ಟು ತಿರುಗಬೇಕು ಎಂಬ ಗೆರೆಯನ್ನು ನಾವೇ ಎಳೆಯಬಹುದು. ಎರಡು, ಕಾರ್ಡ್ ಎಳೆಯುವ ಕರೆಂಟನ್ನೇ ಕಡಿಮೆ ಮಾಡಬಹುದು. 1060 ಚಿಪ್ಪಿಗೆ ಎನ್ವಿಡಿಯಾ ಇಟ್ಟ ಮಿತಿ 120 ವಾಟ್. ಪವರ್ ಲಿಮಿಟ್ ಅನ್ನು ಶೇಕಡಾ 75ಕ್ಕೆ ಇಳಿಸಿದರೆ 90 ವಾಟ್. ತಮ್ಮನ ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಆದದ್ದನ್ನು ವಿಡಿಯೊ ಫೈಲ್ ಮಾಡುವ ಕೆಲಸ, ಸ್ವಲ್ಪ ನಿಧಾನವಾಯಿತು. ಆದರೆ ಅವನು ಅದನ್ನು ಹಚ್ಚಿಟ್ಟು ಊಟಕ್ಕೆ ಹೋಗುವವನು, ಅವನಿಗೇನೂ ಅನ್ನಿಸಲಿಲ್ಲ. 30 ವಾಟ್ ಬಿಸಿ ಹುಟ್ಟುವುದೇ ನಿಂತರೆ ಅದನ್ನು ಓಡಿಸಲು ಫ್ಯಾನೂ ಬೇಡ. ಇಲ್ಲಿಗೇ ಸದ್ದು ಸಾಕಷ್ಟು ಇಳಿದರೆ ಮುಂದೆ ಓದಬೇಕಾಗಿಲ್ಲ, ನಿಮ್ಮ ದುಡ್ಡು ಉಳಿಯಿತು.

ನಮಗೆ ಅಲ್ಲಿಗೆ ಮುಗಿಯಲಿಲ್ಲ. ಕಾರಣ ಕಾರ್ಡಿನ ಬಯಾಸ್, ಅಂದರೆ ಕಾರ್ಡಿನೊಳಗೇ ಬರೆದಿಟ್ಟ ಮೂಲ ಸಾಫ್ಟ್‌ವೇರ್. ಎಷ್ಟೋ ಕಾರ್ಡ್‌ಗಳಲ್ಲಿ ಫ್ಯಾನ್ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು ಎಂದು ತಯಾರಕರೇ ಒಂದು ತಳಮಿತಿ ಬರೆದಿಟ್ಟಿರುತ್ತಾರೆ. ನಮ್ಮ ಕಾರ್ಡಿನಲ್ಲಿ ಅದು ಶೇಕಡಾ 40. ಆಫ್ಟರ್‌ಬರ್ನರ್‌ನಲ್ಲಿ ಗೆರೆಯನ್ನು ಎಷ್ಟು ಕೆಳಗೆ ಎಳೆದರೂ ಫ್ಯಾನ್ 40ಕ್ಕೇ ನಿಲ್ಲುತ್ತದೆ. ಕೆಲವು ಕಾರ್ಡ್‌ಗಳಲ್ಲಿ ಬಿಸಿ ಕಡಿಮೆ ಇದ್ದಾಗ ಫ್ಯಾನ್ ಪೂರ್ತಿ ನಿಲ್ಲುವ ಸೌಲಭ್ಯ ಇದೆ. ನಮ್ಮದರಲ್ಲಿ ಅದೂ ಇಲ್ಲ. ಬರೀ ವರ್ಡ್ ಫೈಲ್ ತೆರೆದು ಓದುತ್ತಿದ್ದರೂ, ಚಿಪ್ 45 ಡಿಗ್ರಿಯಲ್ಲಿ ಹಾಯಾಗಿದ್ದರೂ, ಫ್ಯಾನ್ 40ರಲ್ಲಿ ಗುಂಯ್ ಎನ್ನುತ್ತಲೇ ಇರುತ್ತದೆ. ಸಾಫ್ಟ್‌ವೇರ್ ಕೈಗೆ ಸಿಗದ ಈ ಜಾಗದಲ್ಲೇ ಹಾರ್ಡ್‌ವೇರ್ ಕಂಟ್ರೋಲರ್ ಬೇಕಾಗುವುದು.

ಎನ್‌ಎ-ಎಫ್‌ಸಿ1 ಎಂಬುದು ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಪುಟ್ಟ ಕಪ್ಪು ಪೆಟ್ಟಿಗೆ. ಮೇಲೊಂದು ತಿರುಗಿಸುವ ನಾಬ್, ಒಂದು ಬಟನ್. ಒಂದು ಕಡೆ ಒಳಗೆ ಬರುವ ವೈರ್, ಇನ್ನೊಂದು ಕಡೆ ಫ್ಯಾನ್ ಸಿಕ್ಕಿಸುವ ಪಿನ್. ಜೊತೆಗೆ ಮೂರು ಫ್ಯಾನ್‌ಗೆ ಕವಲೊಡೆಯುವ ಕೇಬಲ್ ಮತ್ತು ಪವರ್ ಸಪ್ಲೈನಿಂದ ನೇರ ಕರೆಂಟ್ ಪಡೆಯುವ ಅಡಾಪ್ಟರ್ ಕೊಡುತ್ತಾರೆ. ಬೆಲೆ ಒಂದು ಸಾಧಾರಣ ಕೇಸ್ ಫ್ಯಾನ್‌ಗಿಂತ ಜಾಸ್ತಿ. ಒಂದು ನಾಬ್‌ಗೆ ಇಷ್ಟಾ ಎಂದು ಅಮ್ಮ ಕೇಳಿದರು. ಇದು ಮಾಡುವ ಕೆಲಸ ನೋಡಿದ ಮೇಲೆ ನನಗೆ ಬೆಲೆ ಸರಿಯೆನಿಸಿದೆ.

ಆ ಕೆಲಸ ಏನು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಈಗಿನ ಫ್ಯಾನ್‌ಗಳಿಗೆ ನಾಲ್ಕು ವೈರ್. ಒಂದು ಗ್ರೌಂಡ್, ಒಂದು 12 ವೋಲ್ಟ್, ಒಂದು ಫ್ಯಾನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ತಿಳಿಸುವುದು, ನಾಲ್ಕನೆಯದು ಎಷ್ಟು ತಿರುಗಬೇಕು ಎಂದು ಹೇಳುವುದು. ಈ ನಾಲ್ಕನೆಯದೇ ಪಿಡಬ್ಲ್ಯೂಎಂ. 12 ವೋಲ್ಟ್ ಸದಾ ಹರಿಯುತ್ತಲೇ ಇರುತ್ತದೆ. ನಾಲ್ಕನೆಯ ವೈರಿನಲ್ಲಿ ಸಂಕೇತವೊಂದು ಸೆಕೆಂಡಿಗೆ ಸುಮಾರು 25,000 ಸಲ ಹತ್ತಿ ಆರುತ್ತದೆ. ಹತ್ತಿದ ಹೊತ್ತು ಎಷ್ಟು ಎಂಬುದರ ಮೇಲೆ ಫ್ಯಾನಿನ ವೇಗ ನಿಂತಿದೆ. 25,000 ಎಂದರೆ ನಮ್ಮ ಕಿವಿಗೆ ಕೇಳುವ ಮಿತಿಗಿಂತ ಮೇಲೆ. ಹಾಗಾಗಿ ಆ ಹತ್ತಿ ಆರುವುದರಿಂದ ಕಿರಿಕಿರಿ ಸದ್ದು ಹುಟ್ಟುವುದಿಲ್ಲ. ಮೂಲ 12 ವೋಲ್ಟನ್ನೇ ನಿಧಾನವಾಗಿ ಕತ್ತರಿಸುವ ಅಗ್ಗದ ಬೋರ್ಡ್‌ಗಳೂ ಸಿಗುತ್ತವೆ. ಅವುಗಳಲ್ಲಿ ಫ್ಯಾನಿನ ಮೋಟಾರೇ ಜಿಯ್ ಎನ್ನಲು ಶುರು ಮಾಡುತ್ತದೆ. ಗಾಳಿಯ ಸದ್ದು ಹೋಗಿ ಮೋಟಾರಿನ ಸದ್ದು ಬಂದರೆ ಮೈಕ್‌ಗೆ ಏನೂ ಲಾಭವಿಲ್ಲ.

ಈ ಪೆಟ್ಟಿಗೆಯನ್ನು ಎರಡು ರೀತಿಯಲ್ಲಿ ಬಳಸಬಹುದು. ಮೊದಲನೆಯದು, ಬರೀ ಕರೆಂಟ್ ಕೊಟ್ಟು ನಾಬ್ ತಿರುಗಿಸಿದಷ್ಟೇ ವೇಗಕ್ಕೆ ಫ್ಯಾನ್ ಕೂರಿಸುವುದು. ಎರಡನೆಯದು, ಕಾರ್ಡಿನಿಂದ ಬರುವ ಸಂಕೇತವನ್ನು ಇದರ ಮೂಲಕ ಹಾಯಿಸುವುದು. ಆಗ ಇದು ಆ ಸಂಕೇತವನ್ನು ನಾಬ್ ಇಟ್ಟ ಪ್ರಮಾಣದಲ್ಲಿ ತಗ್ಗಿಸಿ ಫ್ಯಾನ್‌ಗೆ ಕಳಿಸುತ್ತದೆ. ನಾಬ್ ಶೇಕಡಾ 60ರ ಆಸುಪಾಸಿನಲ್ಲಿದೆ ಎಂದುಕೊಳ್ಳಿ. ಕಾರ್ಡ್ 40 ಎಂದರೆ ಫ್ಯಾನ್‌ಗೆ ತಲುಪುವುದು 24. ಕಾರ್ಡ್ 80 ಎಂದರೆ 48.

ಗ್ರಾಫಿಕ್ಸ್ ಕಾರ್ಡಿಗೆ ಎರಡನೆಯ ರೀತಿಯೇ ಸರಿ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಮೊದಲನೆಯ ರೀತಿಯಲ್ಲಿ ಫ್ಯಾನ್‌ಗೆ ಕಾರ್ಡಿನ ಬಿಸಿ ತಿಳಿಯುವುದಿಲ್ಲ. ನಾನು ರೆಕಾರ್ಡಿಂಗ್‌ಗೆಂದು ತಗ್ಗಿಸಿಟ್ಟು ಎದ್ದುಹೋದೆ ಎನ್ನಿ. ತಮ್ಮ ಬಂದು ಎರಡು ಗಂಟೆಯ ರಿಸೆಪ್ಷನ್ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕುತ್ತಾನೆ. ಚಿಪ್ ಕಾದು ಬೆಂದರೂ ಫ್ಯಾನ್ ತನ್ನ ಪಾಡಿಗೆ ಮೆಲ್ಲಗೆ ತಿರುಗುತ್ತಿರುತ್ತದೆ. ಎರಡನೆಯ ರೀತಿಯಲ್ಲಿ ಯಜಮಾನಿಕೆ ಕಾರ್ಡಿನದ್ದೇ. ಬಿಸಿಯಾದರೆ ಅದು ಜಾಸ್ತಿ ಕೇಳುತ್ತದೆ, ಫ್ಯಾನೂ ಜಾಸ್ತಿ ತಿರುಗುತ್ತದೆ. ಒಟ್ಟು ಮಟ್ಟ ಮಾತ್ರ ಕೆಳಗಿರುತ್ತದೆ. ಒಬ್ಬರಿಗಿಂತ ಜಾಸ್ತಿ ಜನ ಬಳಸುವ ಮನೆ ಕಂಪ್ಯೂಟರ್‌ಗೆ ಬೇರೆ ದಾರಿಯನ್ನು ನಾನು ಹೇಳುವುದೇ ಇಲ್ಲ.

ಆ ಬಟನ್ ಇರುವುದು ಫ್ಯಾನ್ ನಿಲ್ಲದಂತೆ ನೋಡಿಕೊಳ್ಳಲು. ಒತ್ತಿಟ್ಟರೆ ನಿಮಿಷಕ್ಕೆ 300 ಸುತ್ತಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ತೀರಾ ಕಡಿಮೆ ಸಂಕೇತಕ್ಕೆ ಕೆಲವು ಫ್ಯಾನ್‌ಗಳು ನಿಂತುಬಿಡುತ್ತವೆ, ಆಗ ಇದು ಉಪಯೋಗಕ್ಕೆ ಬರುತ್ತದೆ.

ಇನ್ನು ಜೋಡಿಸುವ ಕಥೆ. ಇದಕ್ಕೆ ಓಡಾಟ ಬೇಕಾಯಿತು. ಎಫ್‌ಸಿ1 ಮಾಡಿರುವುದು ಮದರ್‌ಬೋರ್ಡಿನ ದೊಡ್ಡ ನಾಲ್ಕು ಪಿನ್‌ಗೆ. ಅಲ್ಲಿ ಪಿನ್‌ಗಳ ನಡುವೆ 2.54 ಮಿಲಿಮೀಟರ್ ಅಂತರ. ಗ್ರಾಫಿಕ್ಸ್ ಕಾರ್ಡಿನಲ್ಲಿ ಇರುವುದು ಸಾಮಾನ್ಯವಾಗಿ 2 ಮಿಲಿಮೀಟರಿನ ಪುಟ್ಟ ಪ್ಲಗ್. ಹಾಗಾಗಿ ಎರಡು ಕೇಬಲ್ ಬೇಕು. ಕಾರ್ಡಿನ ಪುಟ್ಟ ಪಿನ್‌ನಿಂದ ದೊಡ್ಡ ಪಿನ್‌ಗೆ ಒಂದು. ಇದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಮ್ಮನಿಗೆ ಸಿಕ್ಕಿತು, ಆನ್‌ಲೈನ್‌ನಲ್ಲೂ ಸಿಗುತ್ತದೆ. ಎಫ್‌ಸಿ1ರ ದೊಡ್ಡ ಪಿನ್‌ನಿಂದ ಕಾರ್ಡ್ ಫ್ಯಾನಿನ ಪುಟ್ಟ ಪ್ಲಗ್‌ಗೆ ಇನ್ನೊಂದು. ಇದು ರೆಡಿಮೇಡ್ ಸಿಗಲಿಲ್ಲ. ಇಲ್ಲೇ ಮೈಸೂರಿನ ರಿಪೇರಿ ಅಂಗಡಿಯ ಅಣ್ಣನ ಹತ್ತಿರ ಮಾಡಿಸಿದೆವು. ಅವರು ಮೊದಲು ಮಲ್ಟಿಮೀಟರ್ ಹಿಡಿದು ಕಾರ್ಡಿನ ಯಾವ ಪಿನ್ ಯಾವುದು ಎಂದು ನೋಡಿದರು. ಆಮೇಲೆ ಬೆಸುಗೆ ಹಾಕಿ ಮೇಲೆ ಹೀಟ್‌ಶ್ರಿಂಕ್ ಸ್ಲೀವ್ ಹೊದಿಸಿ ಕೊಟ್ಟರು. ‘ವೈರ್ ಬಣ್ಣ ನಂಬಬೇಡಿ ಮೇಡಂ, ಒಂದೊಂದು ಕಂಪನಿದು ಒಂದೊಂದು ಥರ’ ಎಂದರು. ಅದು ನಿಜ. ಕೆಲವರ ಫ್ಯಾನ್‌ನಲ್ಲಿ 12 ವೋಲ್ಟ್ ಹಳದಿ ವೈರ್. ಇನ್ನು ಕೆಲವರಲ್ಲಿ ಅದು ಕೆಂಪು, ಹಳದಿಯಲ್ಲಿ ಸುತ್ತಿನ ಲೆಕ್ಕ ಬರುತ್ತದೆ. ಬಣ್ಣ ನೋಡಿ ಬೆಸೆದರೆ 12 ವೋಲ್ಟ್ ಹೋಗಬಾರದ ಜಾಗಕ್ಕೆ ಹೋಗಿ ಕಾರ್ಡನ್ನೇ ಸುಡಬಹುದು.

ನಮ್ಮ ಕಾರ್ಡಿನಲ್ಲಿ ಫ್ಯಾನಿನ ಪ್ಲಗ್ ಅಂಚಿನಲ್ಲೇ ಇತ್ತು. ಹೀಟ್‌ಸಿಂಕ್ ಬಿಚ್ಚದೆ ಚಿಮುಟದಿಂದ ಎಳೆದು ತೆಗೆಯಲು ಆಯಿತು. ಕೆಲವು ಕಾರ್ಡ್‌ಗಳಲ್ಲಿ ಅದು ಹೀಟ್‌ಸಿಂಕ್ ಅಡಿಯಲ್ಲಿ ಇರುತ್ತದೆ. ಹೀಟ್‌ಸಿಂಕ್ ಎತ್ತಿದಿರಿ ಎಂದರೆ ಚಿಪ್ ಮೇಲಿನ, ಬಿಸಿ ದಾಟಿಸುವ ಹಳೆ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಅದಕ್ಕೆ ತಯಾರಿಲ್ಲದೆ ಸ್ಕ್ರೂಗೆ ಕೈ ಹಾಕಬೇಡಿ.

ಫ್ಯಾನ್ ಕಾರ್ಡಿನದ್ದೇ ಆದ್ದರಿಂದ ಕರೆಂಟ್ ಕಾರ್ಡಿನಿಂದಲೇ ತೆಗೆದುಕೊಂಡರೂ ಭಯವಿಲ್ಲ. ಅದು ಮೊದಲೂ ಅಷ್ಟೇ ಎಳೆಯುತ್ತಿತ್ತು. ಅದರ ಬದಲು 120 ಮಿಲಿಮೀಟರಿನ ದೊಡ್ಡ ಫ್ಯಾನ್‌ಗಳನ್ನು ಕಟ್ಟುವವರು ಇದ್ದಾರೆ. ಅವರು ಕರೆಂಟ್ ಅನ್ನು ಪವರ್ ಸಪ್ಲೈನಿಂದ ತೆಗೆದುಕೊಂಡು ಸಂಕೇತ ಮಾತ್ರ ಕಾರ್ಡಿನಿಂದ ಪಡೆಯಬೇಕು. ಕಾರ್ಡಿನ ಆ ಪುಟ್ಟ ಪಿನ್‌ಗಳು ಜಾಸ್ತಿ ಭಾರ ಹೊರುವುದಕ್ಕೆ ಮಾಡಿದ್ದಲ್ಲ.

ಫಲ ಏನಾಯಿತು? ನಾನು ಅಳೆಯುವುದು ನನ್ನ ಕೆಲಸದ ಅಳತೆಯಲ್ಲೇ. ಆಡಿಬಲ್ ಎಂಬ ಆಡಿಯೊ ಪುಸ್ತಕ ಮಾರುವ ಕಂಪನಿಗೆ ಪುಸ್ತಕ ಓದಿ ಕೊಡುವವರಿಗೆ ಅದರದ್ದೇ ಎಸಿಎಕ್ಸ್ ತಾಣ ಇಟ್ಟಿರುವ ನಿಯಮದ ಪ್ರಕಾರ, ಮಾತಿಲ್ಲದ ಜಾಗದ ಸದ್ದು ಮೈನಸ್ 60 ಡೆಸಿಬೆಲ್ ಮೀರಬಾರದು. ನಾನು ಅವರಿಗೆ ಏನೂ ಕೊಡುವುದಿಲ್ಲ, ಆದರೂ ಆ ಗೆರೆ ಒಳ್ಳೆಯದು. ಮೊದಲು ನನ್ನ ರೆಕಾರ್ಡಿಂಗ್‌ನಲ್ಲಿ ಅದು ಮೈನಸ್ 53ರ ಹತ್ತಿರ ಇರುತ್ತಿತ್ತು. ಮೈಕ್, ಅದರ ಜಾಗ, ಗೇನ್ ಯಾವುದನ್ನೂ ಬದಲಿಸದೆ ನಾಬ್ ಅನ್ನು 60ರ ಆಸುಪಾಸಿಗೆ ತಂದ ಮೇಲೆ ಮೈನಸ್ 62. ಸದ್ದು ಕಡಿಮೆ ಮಾಡುವ ಎಫೆಕ್ಟ್ ಹಾಕುವ ಮುಂಚಿನ ಲೆಕ್ಕ ಇದು. ಈಗ ಆ ಎಫೆಕ್ಟನ್ನು ತೀರಾ ಹಗುರವಾಗಿ ಹಾಕುತ್ತೇನೆ, ಎಷ್ಟೋ ಪಾಠಗಳಿಗೆ ಹಾಕುವುದೇ ಇಲ್ಲ. ಹಕಾರ ಹಕಾರವಾಗಿಯೇ ಉಳಿದಿದೆ. ‘ಅಕ್ಕ, ಈಗ ನಿಮ್ಮ ಧ್ವನಿ ಹತ್ತಿರ ಬಂದಿದೆ’ ಎಂದು ಒಬ್ಬ ಹುಡುಗಿ ಫೋನ್ ಮಾಡಿ ಹೇಳಿದಾಗ ನನಗಾದ ಸಂತೋಷ ದೊಡ್ಡದು.

ಇಷ್ಟು ಇಳಿಯುವುದರ ಹಿಂದೆ ಸರಳ ಲೆಕ್ಕ ಇದೆ. ಫ್ಯಾನಿನ ಗಾಳಿ ವೇಗಕ್ಕೆ ತಕ್ಕಂತೆ ಇಳಿಯುತ್ತದೆ. ವೇಗ ಶೇಕಡಾ 30 ಇಳಿದರೆ ಗಾಳಿಯೂ ಶೇಕಡಾ 30 ಕಡಿಮೆ. ಸದ್ದು ಹಾಗಲ್ಲ, ಅದಕ್ಕಿಂತ ಬಹಳ ಬೇಗ ಬೀಳುತ್ತದೆ. ಫ್ಯಾನ್ ಎಂಜಿನಿಯರ್‌ಗಳು ಬಳಸುವ ಸೂತ್ರದಲ್ಲಿ ವೇಗ ಅರ್ಧವಾದರೆ ಸುಮಾರು 15 ಡೆಸಿಬೆಲ್ ಕಡಿಮೆ. 30 ಶೇಕಡಾ ಇಳಿಸಿದರೂ 8ರ ಹತ್ತಿರ. ಕಳೆದುಕೊಳ್ಳುವ ತಂಪು ಕಡಿಮೆ, ಸಿಗುವ ನೆಮ್ಮದಿ ಜಾಸ್ತಿ.

ತಂಪು ಕಳೆದುಕೊಂಡಿದ್ದೂ ನಿಜ, ಅದನ್ನೂ ಹೇಳಬೇಕು. ನಾನು ಓದುವಾಗ ಚಿಪ್ ಮೊದಲು 45 ಡಿಗ್ರಿ ಇರುತ್ತಿತ್ತು, ಈಗ 54. ತಮ್ಮನ ಎಕ್ಸ್‌ಪೋರ್ಟ್ ಹೊತ್ತಿನಲ್ಲಿ 69 ಇದ್ದದ್ದು 76. ಈ ಚಿಪ್ಪಿಗೆ ಎನ್ವಿಡಿಯಾ ಹೇಳುವ ಗರಿಷ್ಠ ಮಿತಿ 94. ಆದರೆ ಬರೀ ಚಿಪ್ಪಿನ ಡಿಗ್ರಿ ನೋಡಿ ಸಮಾಧಾನ ಪಡಬಾರದು. ಪಕ್ಕದಲ್ಲೇ ಮೆಮೊರಿ ಇದೆ, ಕರೆಂಟ್ ಹದ ಮಾಡುವ ಭಾಗಗಳಿವೆ. ಅವೂ ಇದೇ ಗಾಳಿಯನ್ನೇ ನಂಬಿವೆ. ಆಫ್ಟರ್‌ಬರ್ನರ್ ನನಗೆ ತೋರಿಸುವುದು ಚಿಪ್ಪಿನ ಬಿಸಿ ಮಾತ್ರ. ಅದಕ್ಕೇ ನನ್ನ ಗಡಿ 80. ಅದರಾಚೆಗೆ ಹೋಗಲು ಬಿಡುವುದಿಲ್ಲ.

ಏಪ್ರಿಲ್ ಬಂದರೆ ಮೈಸೂರಿನಲ್ಲೂ ಮಧ್ಯಾಹ್ನ ಕೋಣೆ ಕಾಯುತ್ತದೆ. ಕೋಣೆ ಬಿಸಿ ಎಷ್ಟು ಏರುತ್ತದೋ ಚಿಪ್ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಹಾಗಾಗಿ ನಾಬ್ ಪಕ್ಕ ಬಿಳಿ ಮಾರ್ಕರ್‌ನಲ್ಲಿ ಎರಡು ಚುಕ್ಕೆ ಇಟ್ಟಿದ್ದೇನೆ, ಬೇಸಿಗೆಗೆ ಒಂದು, ಉಳಿದ ಕಾಲಕ್ಕೆ ಒಂದು. ನಾಬ್ ಅನ್ನು ಕೇಸ್ ಒಳಗೆ ಬಿಟ್ಟರೆ ಪ್ರತಿಸಲ ತಗಡು ಬಿಚ್ಚಬೇಕು. ಹಿಂದೆ ಒಂದು ಖಾಲಿ ಸ್ಲಾಟಿನ ಪಟ್ಟಿ ತೆಗೆದು ಅಲ್ಲಿಂದ ಹೊರಗೆ ತಂದು ಡಬಲ್ ಟೇಪ್ ಹಾಕಿ ಅಂಟಿಸಿದೆವು. ಕೈಗೆ ಸಿಗುವಂತಿದೆ.

ಒಂದು ವಿಷಯದಲ್ಲಿ ಗಲಿಬಿಲಿ ಬೇಡ. ಆಫ್ಟರ್‌ಬರ್ನರ್‌ನಲ್ಲಿ ಫ್ಯಾನ್ ಈಗಲೂ 40 ಎಂದೇ ತೋರಿಸುತ್ತದೆ. ಕಾರ್ಡ್ ಕಳಿಸುತ್ತಿರುವುದು 40, ನಡುದಾರಿಯಲ್ಲಿ ತಗ್ಗಿದ್ದು ಅದಕ್ಕೆ ಗೊತ್ತಿಲ್ಲ. ಪೆಟ್ಟಿಗೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ವಾಪಸ್ ಕಳಿಸಬೇಡಿ. ಕಿವಿ ಹಾಗೂ ಡಿಗ್ರಿ, ಇವೆರಡನ್ನೇ ನೋಡಿ. ಜೋಡಿಸಿದ ದಿನ ಒಂದು ದೊಡ್ಡ ಎಕ್ಸ್‌ಪೋರ್ಟ್ ಹಾಕಿ ಅರ್ಧ ಗಂಟೆ ಪಕ್ಕದಲ್ಲೇ ಕೂತು ಡಿಗ್ರಿ ಎಲ್ಲಿ ನಿಲ್ಲುತ್ತದೆ ನೋಡುವುದು ಒಳ್ಳೆಯದು.

ಇದು ಎಲ್ಲ ಸದ್ದಿಗೂ ಮದ್ದಲ್ಲ. ಕಟಕಟ ಎನ್ನುವುದು, ಕೆರೆದಂತೆ ಕೇಳುವುದು ಸವೆದ ಬೇರಿಂಗ್. ವೇಗ ಇಳಿಸಿದರೆ ಅದು ಇನ್ನೂ ಚೆನ್ನಾಗಿ ಕೇಳುವುದೂ ಉಂಟು. ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಬಿಟ್ಟರೆ ಸ್ವಲ್ಪ ಕಾಲ ಸುಮ್ಮನಾಗುತ್ತದೆ, ಆದರೆ ಕೊನೆಗೆ ಫ್ಯಾನ್ ಬದಲಿಸಬೇಕು. ಗೇಮ್‌ನಲ್ಲಿ ದೃಶ್ಯ ಬದಲಾದಂತೆ ಕೀರಲು ಸದ್ದು ಏರಿಳಿದರೆ ಅದು ಕಾರ್ಡಿನ ಕಾಯಿಲ್, ಅಂದರೆ ಅದರಲ್ಲಿರುವ ತಂತಿಯ ಸುರುಳಿ. ಅದಕ್ಕೂ ಫ್ಯಾನಿಗೂ ಸಂಬಂಧವಿಲ್ಲ. ಯಾವುದು ಎಂದು ತಿಳಿಯಬೇಕಾದರೆ ಆಫ್ಟರ್‌ಬರ್ನರ್‌ನಲ್ಲಿ ಫ್ಯಾನ್ ವೇಗವನ್ನು ಕೈಯಿಂದ ಏರಿಸಿ ಇಳಿಸಿ ಕೇಳಿ. ಸದ್ದು ಜೊತೆಗೇ ಏರಿ ಇಳಿದರೆ ಅದು ಫ್ಯಾನ್.

ಇನ್ನೂ ಹಳೆಯ ಕಾರ್ಡ್ ಇರುವವರಿಗೂ ಒಂದು ಮಾತು. ಎರಡೇ ವೈರ್ ಅಥವಾ ಮೂರು ವೈರಿನ ಫ್ಯಾನ್ ಆದರೆ ಎಫ್‌ಸಿ1 ಪ್ರಯೋಜನಕ್ಕೆ ಬರುವುದಿಲ್ಲ. ಅವುಗಳ ವೇಗ ವೋಲ್ಟ್ ಮೇಲೆ ನಿಂತಿದೆ. ಅದಕ್ಕೆ ಕೊರಿಯಾದ ಜಾಲ್‌ಮನ್ ಕಂಪನಿಯ ಫ್ಯಾನ್‌ಮೇಟ್ 2 ಎಂಬುದು ಒಂದು ಕಾಲದಲ್ಲಿ ಬಹಳ ಹೆಸರಾಗಿತ್ತು. 12 ವೋಲ್ಟ್ ತೆಗೆದುಕೊಂಡು 5ರಿಂದ 11ರ ನಡುವೆ ಬೇಕಾದಷ್ಟು ಕೊಡುತ್ತದೆ, 6 ವಾಟ್‌ವರೆಗೆ ತಾಳುತ್ತದೆ. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೆ ತೆಗೆದುಕೊಳ್ಳಬಹುದು. ಅದರಲ್ಲಿ ಬಿಸಿಗೆ ತಕ್ಕಂತೆ ತಾನೇ ಏರುವ ಗುಣ ಇಲ್ಲ, ನೀವೇ ನೋಡಿಕೊಳ್ಳಬೇಕು. ಶುರುವಿನಲ್ಲಿ ಫ್ಯಾನ್ ತಿರುಗಲು ಬೇಕಾದ ವೋಲ್ಟ್, ತಿರುಗುತ್ತಾ ಇರಲು ಬೇಕಾದ್ದಕ್ಕಿಂತ ಜಾಸ್ತಿ. ಹಾಗಾಗಿ ತೀರಾ ಕೆಳಗೆ ಇಟ್ಟು ಕಂಪ್ಯೂಟರ್ ಆಫ್ ಮಾಡಿದರೆ ಮರುದಿನ ಫ್ಯಾನ್ ಏಳದೇ ಇರಬಹುದು.

ಕೊಳ್ಳಬೇಕಾ ಎಂದು ಕೇಳಿದರೆ, ಮೊದಲು ನಿಮ್ಮ ಕಾರ್ಡಿನ ತಳಮಿತಿ ಎಷ್ಟೆಂದು ನೋಡಿ. ಆಫ್ಟರ್‌ಬರ್ನರ್‌ನಲ್ಲೇ ಫ್ಯಾನ್ 20, 25ಕ್ಕೆ ಇಳಿಯುತ್ತಿದ್ದರೆ ಈ ಪೆಟ್ಟಿಗೆ ಬೇಡ. 40ಕ್ಕೇ ಅಂಟಿಕೊಂಡಿದ್ದು, ಮೈಕ್ ಮುಂದೆ ಕೂರುವ ಕೆಲಸವೋ, ಮಗು ಮಲಗುವ ಕೋಣೆಯೋ ಆದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಕೇಬಲ್ ಮಾಡಿಸಲು ಹೋಗುವಾಗ ಫೋಟೊ ಮಾತ್ರ ತೋರಿಸಿದರೆ ಆಗದು. 2 ಮಿಲಿಮೀಟರಿಗೂ 2.54ಕ್ಕೂ ಫೋಟೊದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಕಾರ್ಡನ್ನೇ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ತೆಗೆದುಕೊಂಡು ಹೋಗಿ.